ಐದು ಪಾಲಿಕೆ, ಒಂದು ಪ್ರಾಧಿಕಾರ: ಬೆಂಗಳೂರಿನಲ್ಲಿ ಒಡೆದದ್ದೇನು, ಒಗ್ಗೂಡಿದ್ದೇನು?

‘ಬೆಂಗಳೂರು ದಕ್ಷಿಣ’ ಎಂದರೆ ಯಾವುದು? ಆ ಹೆಸರಿನ ಲೋಕಸಭಾ ಕ್ಷೇತ್ರವಿದೆ, ವಿಧಾನಸಭಾ ಕ್ಷೇತ್ರವಿದೆ, ತಾಲ್ಲೂಕೂ ಇದೆ. 2025ರಲ್ಲಿ ರಾಮನಗರ ಜಿಲ್ಲೆಗೆ ಅದೇ ಹೆಸರನ್ನು ಇಡಲಾಯಿತು. ಅದೇ ವರ್ಷ ಸೆಪ್ಟೆಂಬರ್ 2ರಂದು ಒಂದು ನಗರ ಪಾಲಿಕೆಯೂ ಆ ಹೆಸರಿನಲ್ಲಿ ಹುಟ್ಟಿತು. ಒಂದೇ ಹೆಸರು, ಐದು ಗಡಿ. ನಗರದ ಆಡಳಿತದ ಸುದ್ದಿ ಓದುವವರು ಗೊಂದಲಕ್ಕೆ ಬಿದ್ದರೆ ಅದು ಓದುಗರ ತಪ್ಪಲ್ಲ.

ಗೊಂದಲ ಹೆಸರಿನಲ್ಲಿ ಮಾತ್ರವೂ ಇಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ, ಈಗ ಇಲ್ಲ. ಅದರ ಜಾಗದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರ ಪಾಲಿಕೆಗಳು ಬಂದಿವೆ. ಐದರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ, ಕುಳಿತಿದೆ. ‘ಬೆಂಗಳೂರು ಐದು ಹೋಳು’ ಎಂಬ ಶೀರ್ಷಿಕೆಗಳು ಸುಳ್ಳಲ್ಲ, ಆದರೆ ಅವು ಅರ್ಧ ಕಥೆ. ಕೆಳಗೆ ಐದಾಗಿ ಒಡೆದ ಕಾಯ್ದೆಯೇ ಮೇಲೆ ಹಿಂದೆಂದೂ ಇಲ್ಲದಷ್ಟು ಅಧಿಕಾರವನ್ನು ಒಂದೇ ಕಡೆ ಕೂಡಿಸಿದೆ. ಪಾಲಿಕೆ ಒಂದಿರಬೇಕೇ ಐದಿರಬೇಕೇ ಎಂಬ ಜಗಳದಲ್ಲಿ ಈ ಎರಡನೆಯ ಸಂಗತಿ ಮರೆಯಾಗುತ್ತಿದೆ. ನಗರದ ಮುಂದಿನ ದಿನಗಳನ್ನು ಹೆಚ್ಚಾಗಿ ನಿರ್ಧರಿಸುವುದು ಅದೇ.

ಪೇಟೆ ಮತ್ತು ದಂಡು

ಬೆಂಗಳೂರು ಸದಾ ಒಂದೇ ಆಡಳಿತದಲ್ಲಿದ್ದ ಊರು ಎಂಬ ಭಾವನೆ ಹಲವರಲ್ಲಿದೆ. ಇತಿಹಾಸ ಹಾಗೆ ಹೇಳುವುದಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿದರೆನ್ನಲಾಗುವ ಪೇಟೆ ಕಸುಬಿನ ಲೆಕ್ಕದಲ್ಲಿ ಹಂಚಿಕೊಂಡ ಊರು: ಹತ್ತಿಗೆ ಅರಳೆಪೇಟೆ, ಅಕ್ಕಿಗೆ ಅಕ್ಕಿಪೇಟೆ, ಬಳೆಗೆ ಬಳೇಪೇಟೆ, ಧಾನ್ಯಕ್ಕೆ ತರಗುಪೇಟೆ. 1809ರಲ್ಲಿ ಬ್ರಿಟಿಷರ ಸೇನೆ ಶ್ರೀರಂಗಪಟ್ಟಣದಿಂದ ಇತ್ತ ಬಂದು ಹಲಸೂರಿನ ಕಡೆ ಬೀಡುಬಿಟ್ಟಿತು. ಜನ ಅದನ್ನು ದಂಡು ಎಂದರು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಪುರಸಭೆಯಾಯಿತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದಾಗಲೂ ದಂಡು ಬ್ರಿಟಿಷರಲ್ಲೇ ಉಳಿಯಿತು. ಕಬ್ಬನ್ ಉದ್ಯಾನದ ಈಚೆ ಒಂದು ಆಡಳಿತ, ಆಚೆ ಮತ್ತೊಂದು.

ಎರಡೂ ಕಡೆ ಬದುಕು ನಡೆಯಿತು, ಆದರೆ ಸಮನಾಗಿ ನಡೆಯಲಿಲ್ಲ. ಸ್ಯಾಂಕಿ ಕೆರೆಯನ್ನು 1882ರಲ್ಲಿ ಕಟ್ಟಿದ್ದು ದಂಡಿನ ನೀರಿನ ಅಗತ್ಯಕ್ಕೆ. ಪೇಟೆಯ ಇಕ್ಕಟ್ಟಿಗೆ ಪರಿಹಾರ ಹುಡುಕುವ ತುರ್ತು ಬಂದದ್ದು 1898ರ ಪ್ಲೇಗಿನ ನಂತರ. ಮಲ್ಲೇಶ್ವರ, ಬಸವನಗುಡಿಯಂತಹ ಬಡಾವಣೆಗಳು ಅಗಲ ರಸ್ತೆ, ಗಾಳಿ ಬೆಳಕುಗಳೊಂದಿಗೆ ಬೆಳೆದದ್ದು ಆ ಸಾವುಗಳ ಬೆನ್ನಿಗೆ. ಸ್ವಾತಂತ್ರ್ಯದ ನಂತರ, 1949ರಲ್ಲಿ, ಎರಡೂ ಪುರಸಭೆಗಳು ಸೇರಿ ಒಂದು ನಗರ ಪಾಲಿಕೆಯಾಯಿತು. ಅಂದರೆ ನೂರಾ ನಲವತ್ತು ವರ್ಷ ಊರು ಎರಡಾಗಿತ್ತು. ಒಂದಾಗಿ ಇದ್ದದ್ದು ಸುಮಾರು ಎಪ್ಪತ್ತಾರು ವರ್ಷ.

ಪಾಲಿಕೆಯ ಕೈಯಿಂದ ಜಾರಿದ ಕೆಲಸಗಳು

ಆ ಎಪ್ಪತ್ತಾರು ವರ್ಷಗಳಲ್ಲಿ ಪಾಲಿಕೆಯ ಹೆಸರು ದೊಡ್ಡದಾಗುತ್ತಾ ಹೋಯಿತು, ಕೈ ಮಾತ್ರ ಚಿಕ್ಕದಾಯಿತು. ಈ ಅಂಶವನ್ನು ಬಿಟ್ಟರೆ ಇಂದಿನ ಚರ್ಚೆ ಅರ್ಥವಾಗುವುದಿಲ್ಲ.

ಬಡಾವಣೆ ನಿರ್ಮಿಸುವ ಕೆಲಸಕ್ಕೆ 1945ರಲ್ಲೇ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಬಂದಿತ್ತು. 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ನಗರ ಯೋಜನೆಯನ್ನೂ ಕೈಗೆತ್ತಿಕೊಂಡಿತು. ಕುಡಿಯುವ ನೀರು ಮತ್ತು ಒಳಚರಂಡಿಗೆ 1964ರಲ್ಲಿ ಜಲಮಂಡಳಿ ಸ್ಥಾಪನೆಯಾಯಿತು. 1997ರಲ್ಲಿ ಬಸ್ಸಿಗೆ ಬಿಎಂಟಿಸಿ, 2002ರಲ್ಲಿ ವಿದ್ಯುತ್ತಿಗೆ ಬೆಸ್ಕಾಂ, ಆಮೇಲೆ ಮೆಟ್ರೊ ನಿಗಮ. 2021ರ ಹೊತ್ತಿಗೆ ಕಸಕ್ಕೂ ಪ್ರತ್ಯೇಕ ಕಂಪನಿ. ಇವುಗಳಲ್ಲಿ ಬಹುತೇಕ ಸಂಸ್ಥೆಗಳು ಉತ್ತರ ಕೊಡಬೇಕಾದದ್ದು ರಾಜ್ಯ ಸರ್ಕಾರಕ್ಕೆ. ನಗರದ ಮೇಯರ್‌ಗೆ ಅಲ್ಲ.

ಇದರ ಫಲ ಪ್ರತಿ ಬೀದಿಯಲ್ಲೂ ಕಾಣುತ್ತದೆ. ಪಾಲಿಕೆ ಡಾಂಬರು ಹಾಕುತ್ತದೆ. ಕೆಲವೇ ವಾರಗಳಲ್ಲಿ ಕೊಳವೆಗೆಂದು ಜಲಮಂಡಳಿ ಅದೇ ರಸ್ತೆಯನ್ನು ಅಗೆಯುತ್ತದೆ, ಆಮೇಲೆ ಕೇಬಲ್ಲಿಗೆಂದು ಬೆಸ್ಕಾಂ ಅಗೆಯುತ್ತದೆ. ಯಾರೂ ಕಾನೂನು ಮುರಿದಿಲ್ಲ, ಆದರೂ ರಸ್ತೆ ಹಾಳಾಗಿರುತ್ತದೆ. ಈ ಸಂಸ್ಥೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ ಆದೇಶ ಕೊಡುವ ಅಧಿಕಾರ ಪಾಲಿಕೆಗೆ ಇರಲಿಲ್ಲ. ಜನ ಶಪಿಸಿದ್ದು ಪಾಲಿಕೆಯನ್ನೇ, ಏಕೆಂದರೆ ಮತ ಕೇಳಲು ಮನೆ ಬಾಗಿಲಿಗೆ ಬರುತ್ತಿದ್ದವರು ಕಾರ್ಪೊರೇಟರ್ ಮಾತ್ರ.

2007: ಹಿಗ್ಗಿದ ಗಡಿ

ತೊಂಬತ್ತರ ದಶಕದ ನಂತರ ನಗರದ ಅಂಚಿನಲ್ಲಿ ಕಚೇರಿಗಳೂ ಅಪಾರ್ಟ್‌ಮೆಂಟುಗಳೂ ಎದ್ದವು. ಅವು ಎದ್ದದ್ದು ಪಾಲಿಕೆಯ ಗಡಿಯ ಹೊರಗೆ. ಮಹದೇವಪುರ, ಬೊಮ್ಮನಹಳ್ಳಿ, ಕೃಷ್ಣರಾಜಪುರ, ಯಲಹಂಕದಂತಹ ನಗರಸಭೆಗಳಲ್ಲಿ ಮತ್ತು ಅವುಗಳಾಚೆಯ ಗ್ರಾಮ ಪಂಚಾಯಿತಿಗಳಲ್ಲಿ. ಅಷ್ಟು ದೊಡ್ಡ ಕಟ್ಟಡಗಳಿಗೆ ಬೇಕಾದ ಒಳಚರಂಡಿ, ರಸ್ತೆ, ನೀರು ಒದಗಿಸುವ ಶಕ್ತಿ ಆ ಸಂಸ್ಥೆಗಳಿಗೆ ಇರಲಿಲ್ಲ. 2007ರಲ್ಲಿ ಸರ್ಕಾರ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಹಳೆಯ ಪಾಲಿಕೆಗೆ ಸೇರಿಸಿ ಬಿಬಿಎಂಪಿ ರಚಿಸಿತು. ಸುಮಾರು 226 ಚದರ ಕಿಲೋಮೀಟರ್ ಇದ್ದ ನಗರ 700 ಚದರ ಕಿಲೋಮೀಟರ್ ದಾಟಿತು.

ಗಡಿ ಬದಲಾಯಿಸಲು ಒಂದು ಅಧಿಸೂಚನೆ ಸಾಕಾಯಿತು. ಆ 110 ಹಳ್ಳಿಗಳಿಗೆ ಕಾವೇರಿ ನೀರು ಕೊಡಲೆಂದು ರೂಪಿಸಿದ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷಗಳ ನಂತರ. ಈ ನಡುವೆ ಅಲ್ಲಿನವರು ನಗರದ ದರದಲ್ಲಿ ಆಸ್ತಿ ತೆರಿಗೆ ಕಟ್ಟಿದರು, ಟ್ಯಾಂಕರ್ ನೀರನ್ನು ಕೊಂಡು ಕುಡಿದರು. ಆಡಳಿತದ ನಕ್ಷೆ ಬದಲಾದ ಮಾತ್ರಕ್ಕೆ ನೆಲದಡಿಯ ಕೊಳವೆ ಬದಲಾಗುವುದಿಲ್ಲ. ಈಗಿನ ಐದು ಪಾಲಿಕೆಗಳ ಬಗ್ಗೆ ಭರವಸೆ ಕೇಳುವಾಗಲೂ ಈ ಅನುಭವವನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಇಷ್ಟು ದೊಡ್ಡ ಪಾಲಿಕೆ ಒಬ್ಬ ಆಯುಕ್ತರ ಕೈಗೆ ಎಟುಕದು ಎಂಬ ವಾದ ಬೇಗನೆ ಶುರುವಾಯಿತು. ಬಿ.ಎಸ್. ಪಾಟೀಲ್ ನೇತೃತ್ವದ ಪುನರ್‌ರಚನಾ ಸಮಿತಿ ಹಲವು ಪಾಲಿಕೆಗಳು, ಅವುಗಳ ಮೇಲೊಂದು ಪ್ರಾಧಿಕಾರ ಎಂಬ ಚೌಕಟ್ಟನ್ನು ಸೂಚಿಸಿತು. 2015ರಲ್ಲೇ ವಿಭಜನೆಯ ಮಸೂದೆಯೂ ಬಂದಿತ್ತು, ಅದು ಕಾಯ್ದೆಯಾಗಲಿಲ್ಲ.

ಪರಿಷತ್ತೇ ಇಲ್ಲದ ಐದು ವರ್ಷ

ಬಿಬಿಎಂಪಿಯ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಅಲ್ಲಿ ಗೆದ್ದ ಕಾರ್ಪೊರೇಟರ್‌ಗಳ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿದೆ: ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಪೂರ್ಣಗೊಳ್ಳಬೇಕು. ಬೆಂಗಳೂರಿನಲ್ಲಿ ನಡೆದದ್ದೇ ಬೇರೆ. 198 ಇದ್ದ ವಾರ್ಡುಗಳನ್ನು ಹೊಸ ಕಾಯ್ದೆಯಿಂದ 243 ಮಾಡಲಾಯಿತು, ಸರ್ಕಾರ ಬದಲಾದ ಮೇಲೆ 225 ಮಾಡಲಾಯಿತು. ಪ್ರತಿ ಮರುವಿಂಗಡಣೆಯ ಹಿಂದೆಯೇ ಮೀಸಲಾತಿ ಪಟ್ಟಿ, ಅದರ ಹಿಂದೆಯೇ ನ್ಯಾಯಾಲಯ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೊನೆಗೊಳ್ಳುವವರೆಗೆ, ಪೂರ್ತಿ ಐದು ವರ್ಷ, ದೇಶದ ಅತಿ ದೊಡ್ಡ ನಗರಗಳಲ್ಲಿ ಒಂದನ್ನು ಆಡಳಿತಾಧಿಕಾರಿಗಳು ನಡೆಸಿದರು.

ಎಲ್ಲ ಪಕ್ಷಗಳ ಸರ್ಕಾರಗಳೂ ಇದಕ್ಕೆ ಹೊಣೆ. ನೋವಿನ ಸಂಗತಿ ಎಂದರೆ, ಕಾರ್ಪೊರೇಟರ್ ಇಲ್ಲದಿರುವುದು ರೂಢಿಯಾಗಿಬಿಟ್ಟಿತು. ಮೋರಿ ಕಟ್ಟಿಕೊಂಡರೆ ಶಾಸಕರ ಕಚೇರಿಗೆ ಹೋಗುವ ಅಭ್ಯಾಸ ಬೆಳೆಯಿತು. ಆ ಅಭ್ಯಾಸ ಹೊಸ ಕಾಯ್ದೆಯೊಳಕ್ಕೂ ಬಂದಿದೆ.

ಕಾಯ್ದೆ ಏನು ಹೇಳುತ್ತದೆ

ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ 2024ರ ಜುಲೈನಲ್ಲಿ ಮಂಡನೆಯಾಯಿತು. ಜಂಟಿ ಪರಿಶೀಲನಾ ಸಮಿತಿಯ ಮುಂದೆ ಹೋಗಿ, 2025ರ ಮಾರ್ಚ್‌ನಲ್ಲಿ ಅಂಗೀಕಾರ ಪಡೆದು, ಮೇ 15ರಿಂದ ಜಾರಿಗೆ ಬಂದಿತು. ಐದು ಪಾಲಿಕೆಗಳು ಸೇರಿ ಹಳೆಯ ಬಿಬಿಎಂಪಿಯ ಗಡಿಯೇ ಆಗುತ್ತದೆ. ಒಟ್ಟು ವಾರ್ಡುಗಳು 369. ಪ್ರತಿ ಪಾಲಿಕೆಗೂ ಮೇಯರ್, ಆಯುಕ್ತರು, ಪರಿಷತ್ತು. ಹಿಂದಿನ ಪರಿಷತ್ತುಗಳಲ್ಲಿ ಒಂದು ವರ್ಷವಿದ್ದ ಮೇಯರ್ ಅವಧಿ ಈಗ ಮೂವತ್ತು ತಿಂಗಳು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಹನ್ನೆರಡು ತಿಂಗಳಲ್ಲಿ ಮೇಯರ್ ಒಬ್ಬರು ಕಡತಗಳನ್ನು ಓದಿ ಮುಗಿಸುವಷ್ಟರಲ್ಲಿ ಅಧಿಕಾರವೇ ಮುಗಿದಿರುತ್ತಿತ್ತು.

ಇನ್ನು ಮೇಲಿನ ಹಂತ. ಜಿಬಿಎ ಅಧ್ಯಕ್ಷರು ಮುಖ್ಯಮಂತ್ರಿ. ಉಪಾಧ್ಯಕ್ಷರು ಬೆಂಗಳೂರು ಅಭಿವೃದ್ಧಿ ಸಚಿವರು. ನಗರದ ಶಾಸಕರು, ಸಚಿವರು, ಐದು ಪಾಲಿಕೆಗಳ ಮೇಯರ್‌ಗಳು, ಬಿಡಿಎ, ಜಲಮಂಡಳಿ, ಬೆಸ್ಕಾಂ, ಬಿಎಂಟಿಸಿ, ಮೆಟ್ರೊ ಮುಂತಾದ ಸಂಸ್ಥೆಗಳ ಮುಖ್ಯಸ್ಥರು ಅಲ್ಲಿ ಕೂರುತ್ತಾರೆ. ಇಡೀ ಪ್ರದೇಶದ ಯೋಜನೆ, ಸಂಸ್ಥೆಗಳ ಸಮನ್ವಯ, ದೊಡ್ಡ ಕಾಮಗಾರಿ ಎಲ್ಲವೂ ಅಲ್ಲಿಗೆ ಸೇರುತ್ತವೆ. ವಿಧಾನಸಭಾ ಕ್ಷೇತ್ರದ ಮಟ್ಟದಲ್ಲಿ ಶಾಸಕರ ಅಧ್ಯಕ್ಷತೆಯ ಸಮಿತಿಗಳಿಗೂ ಕಾಯ್ದೆ ಜಾಗ ಕೊಟ್ಟಿದೆ. ಸುರಂಗ ರಸ್ತೆಯಂತಹ ಭಾರಿ ಯೋಜನೆಗಳಿಗೆ ಬಿ-ಸ್ಮೈಲ್ ಎಂಬ ಸರ್ಕಾರಿ ಕಂಪನಿಯೂ ಬಂದಿದೆ.

ಎರಡು ವಾದಗಳು, ಎರಡರಲ್ಲೂ ಹುರುಳು

ಸರ್ಕಾರದ ವಾದ ನೇರವಾಗಿದೆ. ಎಲ್ಲ ಸಂಸ್ಥೆಗಳಿಗೂ ಆದೇಶ ಕೊಡಬಲ್ಲವರು ಮುಖ್ಯಮಂತ್ರಿ ಒಬ್ಬರೇ. ಆದ್ದರಿಂದ ಅವರೇ ಪ್ರಾಧಿಕಾರದ ತಲೆಯಲ್ಲಿದ್ದರೆ ಸಮನ್ವಯ ಸಾಧ್ಯ. ಸಣ್ಣ ಕೆಲಸ ಸಣ್ಣ ಪಾಲಿಕೆಗೆ, ದೊಡ್ಡ ಕೆಲಸ ಪ್ರಾಧಿಕಾರಕ್ಕೆ. ಅಗೆದ ರಸ್ತೆಯ ಉದಾಹರಣೆಯನ್ನು ನೆನೆದರೆ ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು.

ವಿರೋಧಿಗಳ ವಾದ ಸಂವಿಧಾನದಿಂದ ಹೊರಡುತ್ತದೆ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ನಗರ ಸ್ಥಳೀಯ ಸಂಸ್ಥೆಗಳನ್ನು ಸ್ವಯಮಾಡಳಿತದ ಘಟಕಗಳೆಂದು ಕಂಡಿತು. ಹನ್ನೆರಡನೇ ಅನುಸೂಚಿಯಲ್ಲಿ ಅವುಗಳಿಗೆ ವಹಿಸಬಹುದಾದ 18 ಕೆಲಸಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಮೊದಲನೆಯದೇ ನಗರ ಯೋಜನೆ. ಮಹಾನಗರ ಪ್ರದೇಶಕ್ಕೆ ಯೋಜನಾ ಸಮಿತಿ ಇರಬೇಕು, ಅದರ ಮೂರನೇ ಎರಡರಷ್ಟು ಸದಸ್ಯರು ಸ್ಥಳೀಯ ಸಂಸ್ಥೆಗಳ ಚುನಾಯಿತರ ನಡುವಿನಿಂದಲೇ ಆಯ್ಕೆಯಾಗಬೇಕು ಎಂದಿತು. ಜಿಬಿಎಯಲ್ಲಿ ಮೇಯರ್‌ಗಳು ಐವರು. ಸುತ್ತ ಸಚಿವರು, ಶಾಸಕರು, ಅಧಿಕಾರಿಗಳು. ಯೋಜನೆಯ ಕೀಲಿಕೈ ಮತ್ತೆ ರಾಜ್ಯದ ಕೈಯಲ್ಲೇ ಉಳಿಯಿತು ಎಂಬ ದೂರು ಇದೇ ಕಾರಣಕ್ಕೆ. ನಗರದ ಮಹಾಯೋಜನೆಯ ಸ್ಥಿತಿ ನೋಡಿದರೆ ದೂರಿನ ತೂಕ ಗೊತ್ತಾಗುತ್ತದೆ. 2015ನೇ ಇಸವಿಗೆಂದು ಮಾಡಿದ ಯೋಜನೆಗೆ 2007ರಲ್ಲಿ ಒಪ್ಪಿಗೆ ಸಿಕ್ಕಿತು. 2031ರ ಕರಡು ಸಿದ್ಧವಾದರೂ ಅದನ್ನು ಹಿಂಪಡೆಯಲಾಯಿತು. ಆಗಲೂ ಯೋಜನೆ ರಾಜ್ಯದ ಸಂಸ್ಥೆಯ ಕೈಯಲ್ಲೇ ಇತ್ತು.

ಲಂಡನ್ ಒಂದು ಹೋಲಿಕೆಗೆ ಸಿಗುತ್ತದೆ. ಅಲ್ಲಿಯೂ ಕೆಳಗೆ 32 ಬರೋಗಳು ಮತ್ತು ಸಿಟಿ ಆಫ್ ಲಂಡನ್ ಇವೆ, ಮೇಲೆ ಒಂದು ಪ್ರಾಧಿಕಾರವಿದೆ. ಇಡೀ ನಗರಕ್ಕಿದ್ದ ಆಡಳಿತ ಮಂಡಳಿಯನ್ನು 1986ರಲ್ಲಿ ರದ್ದು ಮಾಡಿ, ಹದಿನಾಲ್ಕು ವರ್ಷ ಕಷ್ಟಪಟ್ಟು, 2000ದಲ್ಲಿ ಪ್ರಾಧಿಕಾರವನ್ನು ಹೊಸದಾಗಿ ಕಟ್ಟಿದರು. ವ್ಯತ್ಯಾಸ ಒಂದೇ, ಅದು ದೊಡ್ಡದು: ಆ ಪ್ರಾಧಿಕಾರದ ಮೇಯರ್‌ನನ್ನು ಲಂಡನ್ನಿನ ಮತದಾರರೇ ನೇರವಾಗಿ ಆರಿಸುತ್ತಾರೆ. ಬೆಂಗಳೂರಿನ ಪ್ರಾಧಿಕಾರದ ಮುಖ್ಯಸ್ಥರು ಬೀದರ್‌ನಿಂದ ಚಾಮರಾಜನಗರದವರೆಗಿನ ಇಡೀ ರಾಜ್ಯದ ಹೊರೆ ಹೊತ್ತವರು. ನಗರದ ಮತದಾರರು ತಮ್ಮ ಚರಂಡಿಗಾಗಿ ಅವರನ್ನು ಆರಿಸಿರುವುದಿಲ್ಲ, ಚರಂಡಿಗಾಗಿ ಅವರನ್ನು ಇಳಿಸುವುದೂ ಇಲ್ಲ.

ಕೆಂಪೇಗೌಡರ ಊರು ಹರಿದುಹೋಯಿತು, ಕೆಲವು ಪಾಲಿಕೆಗಳಲ್ಲಿ ಕನ್ನಡಿಗರ ದನಿ ಕುಗ್ಗುತ್ತದೆ ಎಂಬ ಆತಂಕವನ್ನು ವಿರೋಧ ಪಕ್ಷಗಳೂ ಕನ್ನಡ ಸಂಘಟನೆಗಳೂ ಎತ್ತಿವೆ. ಆತಂಕ ಪ್ರಾಮಾಣಿಕವಾದದ್ದು. ಆದರೆ 1963ರ ರಾಜಭಾಷಾ ಕಾಯ್ದೆ ಐದು ಪಾಲಿಕೆಗಳಿಗೂ ಅನ್ವಯಿಸುತ್ತದೆ. ಕನ್ನಡ ಉಳಿಯುವುದು ಕೌಂಟರಿನಲ್ಲಿ ಕೊಡುವ ಅರ್ಜಿಯಲ್ಲಿ, ಸಭೆಯ ನಡಾವಳಿಯಲ್ಲಿ, ಅದನ್ನು ಪಟ್ಟು ಹಿಡಿದು ಕೇಳುವ ನಾಗರಿಕರಲ್ಲಿ. ಊರಿನ ಒಗ್ಗಟ್ಟಂತೂ ಪಾಲಿಕೆ ಕಟ್ಟಿಕೊಟ್ಟದ್ದಲ್ಲ. ಊರಿಗೆ ಎರಡು ಪುರಸಭೆಗಳಿದ್ದ ಕಾಲದಲ್ಲೂ ಧರ್ಮರಾಯನ ಗುಡಿಯಿಂದ ಕರಗ ಹೊರಟು ಪೇಟೆಯ ಬೀದಿಗಳಲ್ಲಿ ರಾತ್ರಿಯಿಡೀ ಸಾಗುತ್ತಿತ್ತು. ಈಗಲೂ ಮಸ್ತಾನ್ ಸಾಬರ ದರ್ಗಾದ ಮುಂದೆ ನಿಂತು ಮುಂದೆ ಹೋಗುತ್ತದೆ.

ಹಣ: ದೆಹಲಿ ಕಲಿಸಿದ ಪಾಠ

ಭಾಷೆಗಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದು ಹಣದ ವಿಷಯಕ್ಕೆ. 2012ರಲ್ಲಿ ದೆಹಲಿಯ ಪಾಲಿಕೆಯನ್ನು ಉತ್ತರ, ದಕ್ಷಿಣ, ಪೂರ್ವ ಎಂದು ಮೂರಾಗಿ ಒಡೆದರು. ಉಳ್ಳವರ ಬಡಾವಣೆಗಳೂ ದೊಡ್ಡ ವಾಣಿಜ್ಯ ಪ್ರದೇಶಗಳೂ ದಕ್ಷಿಣಕ್ಕೆ ಹೋದವು. ಪೂರ್ವಕ್ಕೆ ಜನದಟ್ಟಣೆ ಬಂತು, ಆದಾಯ ಬರಲಿಲ್ಲ. ಸಂಬಳ ಸಿಗದ ಪೌರಕಾರ್ಮಿಕರು ಮತ್ತೆ ಮತ್ತೆ ಮುಷ್ಕರ ಹೂಡಿದರು, ಪೂರ್ವ ದೆಹಲಿಯ ಬೀದಿಗಳಲ್ಲಿ ಕಸ ರಾಶಿಬಿತ್ತು. ಹತ್ತು ವರ್ಷದ ನಂತರ, 2022ರ ಮೇ ತಿಂಗಳಲ್ಲಿ, ಮೂರನ್ನೂ ಮತ್ತೆ ಒಂದು ಮಾಡಲಾಯಿತು.

ಬೆಂಗಳೂರಿನಲ್ಲಿ ಉಳ್ಳವರ ದಿಕ್ಕು ಪೂರ್ವ. ಮಹದೇವಪುರ ಮತ್ತು ಕೃಷ್ಣರಾಜಪುರ ಕ್ಷೇತ್ರಗಳಿಂದಾದ ಪೂರ್ವ ಪಾಲಿಕೆಯಲ್ಲಿ ವೈಟ್‌ಫೀಲ್ಡ್‌ನ ತಂತ್ರಜ್ಞಾನ ಕಚೇರಿಗಳಿವೆ. ಬಿಬಿಎಂಪಿಯ ಕಾಲದಲ್ಲಿ ಅತಿ ಹೆಚ್ಚು ಆಸ್ತಿ ತೆರಿಗೆ ಕೊಡುತ್ತಿದ್ದದ್ದು ಮಹದೇವಪುರ ವಲಯವೇ. ಅಲ್ಲಿನವರ ಹಳೆಯ ದೂರೂ ನ್ಯಾಯವಾದದ್ದು: ತೆರಿಗೆ ನಾವು ಕೊಡುತ್ತೇವೆ, 2022ರ ಮಳೆಯಲ್ಲಿ ಮುಳುಗಿದ್ದೂ ನಾವೇ. ಈಗ ಅವರ ಹಣ ಅವರಲ್ಲೇ ಖರ್ಚಾಗುವ ಅವಕಾಶ ಬಂದಿದೆ.

ಆದರೆ ಇದರ ಇನ್ನೊಂದು ಮುಖವಿದೆ. ಒಂದೇ ಪಾಲಿಕೆ ಇದ್ದಾಗ ಮಹದೇವಪುರದ ತೆರಿಗೆ ಚಾಮರಾಜಪೇಟೆಯ ಗಲ್ಲಿಗೂ ಹರಿಯುತ್ತಿತ್ತು. ಐದಾದ ಮೇಲೆ ಆ ಹರಿವು ನಿಲ್ಲುತ್ತದೆ. ಕೊರತೆ ಬಿದ್ದ ಪಾಲಿಕೆ ರಾಜ್ಯದ ಅನುದಾನಕ್ಕೆ ಕೈಚಾಚಬೇಕು. ಕೈಚಾಚಿದ ಪಾಲಿಕೆಯ ಮೇಯರ್ ಜಿಬಿಎ ಸಭೆಯಲ್ಲಿ ಮುಖ್ಯಮಂತ್ರಿಯ ಎದುರು ಎಷ್ಟು ಗಟ್ಟಿಯಾಗಿ ಮಾತನಾಡಬಲ್ಲರು? ಹೀಗೆ ಕೆಳಗಿನ ವಿಭಜನೆಯೇ ಮೇಲಿನ ಕೇಂದ್ರೀಕರಣವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಇದನ್ನು ತಡೆಯುವ ದಾರಿ ಇದೆ. ಯಾವ ಪಾಲಿಕೆಗೆ ಎಷ್ಟು ಎಂಬುದನ್ನು ಜನಸಂಖ್ಯೆ, ಬಡತನ, ಮೂಲಸೌಕರ್ಯದ ಕೊರತೆ ಇವುಗಳ ಸೂತ್ರದಿಂದ ಮೊದಲೇ ನಿಗದಿ ಮಾಡಿದರೆ ಅನುದಾನ ಹಕ್ಕಾಗುತ್ತದೆ. ಸೂತ್ರವಿಲ್ಲದ ಅನುದಾನ ಕೃಪೆಯಾಗಿಯೇ ಉಳಿಯುತ್ತದೆ.

ಹಳೆಯ ಎಣಿಕೆ, ಹೊಸ ವಾರ್ಡು

ವಾರ್ಡುಗಳು 198ರಿಂದ 369ಕ್ಕೆ ಏರಿದ್ದರಿಂದ, 2011ರ ಜನಗಣತಿಯ ಸುಮಾರು 84 ಲಕ್ಷ ಜನಸಂಖ್ಯೆಯ ಲೆಕ್ಕದಲ್ಲಿ, ಒಂದು ವಾರ್ಡಿನ ಸರಾಸರಿ 42 ಸಾವಿರದಿಂದ 23 ಸಾವಿರಕ್ಕೆ ಇಳಿಯುತ್ತದೆ. ಕಾರ್ಪೊರೇಟರ್ ಜನರಿಗೆ ಹತ್ತಿರವಾಗುತ್ತಾರೆ.

ತೊಡಕು ಇರುವುದು ‘2011’ ಎಂಬ ಅಂಕಿಯಲ್ಲಿ. ಪಶ್ಚಿಮ ಪಾಲಿಕೆಗೆ 161 ಚದರ ಕಿಲೋಮೀಟರಿಗೆ 112 ವಾರ್ಡು. ಪೂರ್ವಕ್ಕೆ 168 ಚದರ ಕಿಲೋಮೀಟರಿಗೆ 50. 2011ರಲ್ಲಿ ಪೂರ್ವದಲ್ಲಿ ಜನ ವಿರಳವಾಗಿದ್ದರು ಎಂಬುದು ನಿಜ. ಆಮೇಲೆ ಅಪಾರ್ಟ್‌ಮೆಂಟುಗಳು ಸಾಲುಗಟ್ಟಿ ಎದ್ದದ್ದೂ ಅಲ್ಲೇ. ಹೀಗಾಗಿ ನಗರ ಅತಿ ವೇಗವಾಗಿ ಬೆಳೆಯುತ್ತಿರುವ ದಿಕ್ಕಿನಲ್ಲೇ ಒಬ್ಬ ಕಾರ್ಪೊರೇಟರ್ ಅತಿ ಹೆಚ್ಚು ಜನರ ಅಹವಾಲು ಕೇಳಬೇಕಾಗುತ್ತದೆ. ಹೊಸ ಜನಗಣತಿಯ ಅಂಕಿ ಬಂದ ಕೂಡಲೇ ಗಡಿ ಮತ್ತೆ ಬದಲಾಗಬೇಕು. ಆಗ ಅದೇ ನೆಪದಲ್ಲಿ ಚುನಾವಣೆ ಮತ್ತೆ ಮುಂದಕ್ಕೆ ಹೋಗದಂತೆ ಕಾಯುವುದು ನಾಗರಿಕರ ಮೇಲೆ ಬೀಳುವ ಕೆಲಸ.

ಮನೆಯವರಿಗೆ ಏನು ಬದಲಾಗುತ್ತದೆ

ಆಸ್ತಿ ತೆರಿಗೆ, ಖಾತಾ, ಕಟ್ಟಡ ನಕ್ಷೆ, ವ್ಯಾಪಾರ ಪರವಾನಗಿ, ಒಳರಸ್ತೆಯ ಗುಂಡಿ ಇವು ನೀವಿರುವ ಪಾಲಿಕೆಗೆ ಸೇರಿದವು. ಬಿಬಿಎಂಪಿ ಕೊಟ್ಟ ಖಾತಾ ರದ್ದಾಗುವುದಿಲ್ಲ. ಅದರ ಹಕ್ಕು, ಹೊಣೆ, ಬಾಕಿ ಎಲ್ಲವೂ ಹೊಸ ಪಾಲಿಕೆಗೆ ವರ್ಗವಾಗುತ್ತವೆ. ನೀರಿಗೆ ಜಲಮಂಡಳಿ, ವಿದ್ಯುತ್ತಿಗೆ ಬೆಸ್ಕಾಂ, ಬಸ್ಸಿಗೆ ಬಿಎಂಟಿಸಿ ಮೊದಲಿನಂತೆಯೇ. ತಟ್ಟಬೇಕಾದ ಬಾಗಿಲುಗಳ ಸಂಖ್ಯೆ ಕಡಿಮೆಯಾಗಿಲ್ಲ.

ನೀರು ಗಡಿ ಕೇಳುವುದಿಲ್ಲ

ಬೆಂಗಳೂರು ದಿಬ್ಬದ ಮೇಲಿನ ಊರು. ಇಲ್ಲಿನ ಮಳೆನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಕಣಿವೆಗಳ ಮೂಲಕ ಇಳಿಯುತ್ತದೆ. ಕೆರೆ ಕಟ್ಟಿದ ಹಿರಿಯರು ಈ ಇಳಿಜಾರನ್ನು ನೋಡಿಯೇ ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಸರಪಳಿ ಕಟ್ಟಿದರು. ಆ ಸರಪಳಿಯ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೆರೆ ಹೋದರೂ ಇಳಿಜಾರು ಹೋಗಲಿಲ್ಲ.

ಮೆಜೆಸ್ಟಿಕ್ ಕಡೆಯಿಂದ ಹೊರಡುವ ರಾಜಕಾಲುವೆಯೊಂದು ಕೆ.ಆರ್. ಮಾರುಕಟ್ಟೆ, ಶಾಂತಿನಗರ, ಕೋರಮಂಗಲಗಳನ್ನು ದಾಟಿ ಬೆಳ್ಳಂದೂರು ಕೆರೆ ಸೇರುತ್ತದೆ. ಹೊಸ ನಕ್ಷೆಯಲ್ಲಿ ಅದು ಕೇಂದ್ರ ಪಾಲಿಕೆಯಲ್ಲಿ ಹುಟ್ಟಿ, ದಕ್ಷಿಣದಲ್ಲಿ ಹಾದು, ಪೂರ್ವದಲ್ಲಿ ಕೊನೆಗೊಳ್ಳುತ್ತದೆ. ಮೇಲಿನವರು ಕೊಳಚೆ ಬಿಟ್ಟರೆ, ಕಾಲುವೆ ಒತ್ತುವರಿಯನ್ನು ಸಹಿಸಿದರೆ, ನೊರೆ ಮತ್ತು ನೆರೆ ಎರಡನ್ನೂ ಉಣ್ಣುವವರು ಕೆಳಗಿನವರು. ಪೂರ್ವ ಪಾಲಿಕೆ ತನ್ನ ಶ್ರೀಮಂತ ಖಜಾನೆಯಿಂದ ಎಷ್ಟೇ ಸುರಿದರೂ ಮೆಜೆಸ್ಟಿಕ್‌ನಲ್ಲಿ ಒಂದು ಕೊಳವೆಯನ್ನೂ ಸರಿಪಡಿಸಲಾರದು; ಕೇಂದ್ರ ಪಾಲಿಕೆಗೆ ಬೆಳ್ಳಂದೂರಿಗಾಗಿ ಖರ್ಚು ಮಾಡುವ ಒತ್ತಾಯವೇ ಇಲ್ಲ. ಪ್ರಾಧಿಕಾರ ಇರಲೇಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಆ ಪ್ರಾಧಿಕಾರ ಯಾರಿಗೆ ಉತ್ತರ ಕೊಡುತ್ತದೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಇದೆ. ಬೆಳ್ಳಂದೂರಿನ ಕೊಳಚೆಗೆ ಮೇಲಿನ ಪಾಲಿಕೆಗಳೂ ಹಣ ಕೊಡಬೇಕೆಂದು ಪೂರ್ವದ ಮೇಯರ್ ಒಂದು ದಿನ ಜಿಬಿಎ ಸಭೆಯಲ್ಲಿ ಎದ್ದು ಕೇಳಬಹುದು. ಆ ಬೇಡಿಕೆಯನ್ನು ಮತಕ್ಕೆ ಹಾಕಿದರೆ, ಕೈ ಎತ್ತುವವರಲ್ಲಿ ನಗರದ ವಾರ್ಡುಗಳಿಂದ ಗೆದ್ದು ಬಂದವರು ಬೆರಳೆಣಿಕೆಯಷ್ಟು ಮಂದಿ ಮಾತ್ರ.